ಬ್ಯಾಟರಿ ಮುಗಿದಿರಲಿಲ್ಲ

ಮುಧೋಳ, ತಾ. ಸೇಡಂ
೧೯–೮–೧೯೭೪, ಸೋಮವಾರ

ಚಿರಂಜೀವಿ ಗುರುದೇವಿಗೆ ಅಪ್ಪನ ಅಂತಃಕರಣದ ಆಶೀರ್ವಾದ.

ನಿನ್ನ ಗಂಟಲು ಹೇಗಿದೆಯವ್ವಾ? ಶಹಾಬಾದಿನ ಕಲ್ಲುಪುಡಿ ಹಾಡುವವರಿಗೆ ಒಳ್ಳೆಯದಲ್ಲ, ಬಿಸಿನೀರು ಕುಡಿ. ನಾನು ಆರೋಗ್ಯ. ರೊಟ್ಟಿ ಮಾತ್ರ ಇನ್ನೂ ದುಂಡಗೆ ಬರುತ್ತಿಲ್ಲ. ನಿನ್ನ ಅವ್ವ ಇದ್ದಿದ್ದರೆ ಯಾವ ಜಿಲ್ಲೆಯ ನಕಾಶೆ ಎಂದು ಕೇಳುತ್ತಿದ್ದಳು. ನಿನ್ನ ಕಾಗದ ಮುಟ್ಟಿತು. ಮನೆಯವರ ತಕರಾರು ಬಂದಿದೆಯೆಂದು ರೇಡಿಯೋದವರು ನಿನ್ನನ್ನು ಹಾಡಲು ಕರೆಯುವುದು ನಿಲ್ಲಿಸಿದ್ದು, ಅತ್ತೆಯೇ ಯಾರಿಂದಲೋ ಬರೆಸಿದ್ದಾರೆಂದು ನೀನು ಅವರೊಡನೆ ಮಾತು ಬಿಟ್ಟದ್ದು, ಎಲ್ಲ ಓದಿದೆ. ಎರಡು ಸಲ ಓದಿದೆ. ಟು ಕಮ್ ಟು ದಿ ಪಾಯಿಂಟ್ ಎಂದು ನಮ್ಮ ಕಾಲೇಜಿನ ಪ್ರೊಫೆಸರರು ಹೇಳುತ್ತಿದ್ದರು, ಮುಂದಿನದು ಮರೆತಿದೆ.

ಪಂಚಾಯತಿ ರೇಡಿಯೋ ಪೆಟ್ಟಿಗೆಯ ಕೀಲಿಕೈ ನನ್ನ ಹತ್ತಿರ ಇದ್ದದ್ದು ನಿನಗೆ ಗೊತ್ತೇ ಇದೆ. ಸಂಜೆ ಕಟ್ಟೆಗೆ ಊರೇ ಕೂಡುತ್ತದೆ. ತೊಗರಿಯ ಧಾರಣಿ, ಹುಳುವಿನ ಔಷಧ, ಮಳೆಯ ಸುದ್ದಿ ಕೇಳದೆ ಯಾರೂ ಉಣ್ಣಲು ಏಳುವುದಿಲ್ಲ. ಹೋದ ತಿಂಗಳು ನೀನು ಹಾಡುವ ದಿನ ನಾನು ಪೆಟ್ಟಿಗೆ ತೆರೆಯಲಿಲ್ಲ. ಬ್ಯಾಟರಿ ಮುಗಿದಿದೆ ಎಂದೆ. ಮುಗಿದಿರಲಿಲ್ಲ. ಮಾಸ್ತರನ ಮಗಳು ಹತ್ತೂರಿಗೆ ಕೇಳುವಂತೆ ಹಾಡುತ್ತಾಳೆ ಎಂದು ಯಾರಾದರೂ ನಕ್ಕಾರೆಂಬ ಅಂಜಿಕೆ. ಯಾರು ನಗುತ್ತಿದ್ದರು? ದರ್ಜಿ ಫಕೀರಸಾಬ ಹೊಲಿಗೆ ಬಿಟ್ಟು, ನೆರೆಮನೆಯ ಭೀಮಮ್ಮನನ್ನು ಕರೆದುಕೊಂಡು, ಪಕ್ಕದ ಹಳ್ಳಿಯ ರೇಡಿಯೋ ಕೇಳಲು ಕೆಸರಿನಲ್ಲಿ ನಡೆದು ಹೋಗಿದ್ದ. ಮರುದಿನ ಸಂಜೆ ನಾನು ಪೆಟ್ಟಿಗೆ ತೆರೆದಾಗ ಇಬ್ಬರೂ ಕಟ್ಟೆಗೆ ಬಂದರು. ಅವನು, "ಮಾಸ್ತರ್ರೀ, ನಿಮ್ಮ ಗುರುದೇವಿ ಏನ್ ಹಾಡಿದಳ್ರೀ! ನಮ್ಮೂರ ಹುಡುಗಿ, ನಮ್ಮೂರ ಹುಡುಗಿ ಅಂತ ಹೇಳಿ ಹೇಳಿ ನನ್ನ ಗಂಟಲೇ ಬಿತ್ತು" ಎಂದ. ಭೀಮಮ್ಮ ಮಾತ್ರ ನನ್ನ ಮುಖವನ್ನೇ ನೋಡಿ, "ಬ್ಯಾಟರಿಗಿ ಇವತ್ತ ತಾನೇ ಜೀವ ಬಂತೇನ್ರಿ? ಹಡದಾಕಿ ಇದ್ದಿದ್ರ ಕೀಲಿ ಒಡದು ಕೇಳ್ತಿದ್ದಳು" ಎಂದಳು. ಕೀಲಿಕೈ ಅವಳಿಗೇ ಕೊಟ್ಟುಬಿಟ್ಟೆ. ಕಟ್ಟೆಗೆ ಹೋಗುವುದನ್ನೂ ಬಿಟ್ಟಿದ್ದೇನೆ; ಧಾರಣಿ ಎಷ್ಟೆಂದು ಫಕೀರಸಾಬನೇ ಬಂದು ಹೇಳಿ ಹೋಗುತ್ತಾನೆ, ಪಾಪ.

ಅಳಿಯಂದಿರಿಗೆ ಆಶೀರ್ವಾದ. ನಿನ್ನ ಅತ್ತೆಯವರಿಗೆ ಶರಣು ಎಂದು ಬರೆಯಲು ಕೈ ತಡೆಯುತ್ತಿದೆ.

ನಿನ್ನ ಅಪ್ಪ
ಅಮೃತಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಆ ತಕರಾರಿನ ಕಾಗದ ಬರೆದವನು ನಾನು. ನೀನು ಹಾಡುವ ಹಿಂದಿನ ದಿನ ಹಾಕಿದೆ. 'ಐ ಬೆಗ್ ಟು ಸ್ಟೇಟ್' ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ, ಕೊನೆಗೆ ಹೆಸರು ಹಾಕದೆ 'ಮನೆಯ ಹಿರಿಯರು' ಎಂದಷ್ಟೇ ಬರೆದೆ. ಫಕೀರಸಾಬ ಹೊಗಳಿದ ಮೇಲಾದರೂ ಹಿಂದಕ್ಕೆ ಪಡೆಯಬಹುದಿತ್ತು, ಅಂಜಿದೆ. ಇವತ್ತು ಹೆಸರು ಹಾಕಿ ರೇಡಿಯೋದವರಿಗೆ ಇನ್ನೊಂದು ಬರೆದಿದ್ದೇನೆ, ಒಪ್ಪದಿದ್ದರೆ ನಾನೇ ಹೋಗಿ ಕೇಳಿಕೊಳ್ಳುತ್ತೇನೆ. ಅದಕ್ಕೂ ಮೊದಲು ನೀನು ಅತ್ತೆಯ ಹತ್ತಿರ ಹೋಗು. ಅವರಿಗೆ ಓದಲು ಬರುವುದಿಲ್ಲ. ಇದನ್ನು ನೀನೇ ಓದಿ ಹೇಳು, ಒಂದು ಸಾಲೂ ಬಿಡದೆ.