ಗುಂಡನಿಗೆ ಸಿಕ್ಕಿದ್ದು ನಾನು

ಹಾಸ್ಟೆಲ್‌ನಿಂದ
ಮಾರ್ಚ್ ೧೨, ಗುರುವಾರ

ಪ್ರೀತಿಯ ಅಮ್ಮ,

ಇಂಟರ್ನಲ್ಸ್ ತಲೆ ಮೇಲೆ ಕೂತಿರುವಾಗ ಪತ್ರ ಬರೆಯುತ್ತಿರುವುದಕ್ಕೆ ಸಾರಿ. ನಿನ್ನ ಹೋದ ಪತ್ರಕ್ಕೆ ಉತ್ತರಿಸದಿದ್ದಕ್ಕೆ ಇನ್ನೊಂದು ಸಾರಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು “ಊಟ ಆಯ್ತಾ?” ಅಂದ ಕೂಡಲೇ ನನಗೆ ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ.

ವಿಷಯ ಅಪ್ಪನ ರಕ್ಷಣಾ ದಳದ ನಾಯಿ ಗುಂಡನದು. ಭೂಕಂಪದ ಊರಿನಲ್ಲಿ, ಕುಸಿದ ಮನೆಗಳಡಿ, ಅವನಿಗೆ ಜೀವಂತವಾಗಿ ಒಬ್ಬರೂ ಸಿಗಲಿಲ್ಲವಂತೆ. ವಾಪಸ್ಸಾದ ಮೇಲೆ ತಟ್ಟೆ ಮೂಸುವುದಿಲ್ಲ, ಚೆಂಡು ಎಸೆದರೆ ಮುಖ ತಿರುಗಿಸುತ್ತಾನೆ. ನಮ್ಮ ಕಾಲೇಜಿನ ಹಿಂದಿನ ನಾಯಿ ತರಬೇತಿ ಮೈದಾನದ ಮೇಷ್ಟ್ರು ನನಗೆ ಫೋನ್ ಮಾಡಿದರು.

“ಬದುಕಿರೋರು ಒಬ್ರಾದ್ರೂ ಸಿಗ್ಬೇಕಮ್ಮ ಅವನಿಗೆ. ಇವತ್ತೂ ಯಾರನ್ನೂ ಹುಡುಕಿ ಬೊಗಳ್ಲಿಲ್ಲ ಅಂದ್ರೆ ಕೆಲಸದಿಂದ ತೆಗೀತಾರೆ. ನೀನು ಬಂದು ಬಚ್ಚಿಟ್ಕೊ. ಕಡ್ಡಿ ಥರ ಇದೀಯ, ಎಲ್ಲಿ ಬೇಕಾದ್ರೂ ತೂರ್ತೀಯ.”

ಗುಂಡ ನನ್ನನ್ನು ಕಂಡವನಲ್ಲ, ಅದೂ ಅನುಕೂಲವೇ. ಆದರೆ ಅಪ್ಪನಿಗೆ ಹೇಳುವಂತಿಲ್ಲ. ಯಾರು, ಎಲ್ಲಿ ಅಡಗಿದ್ದಾರೆಂದು ನಾಯಿ ನಡೆಸುವವರಿಗೆ ಗೊತ್ತಿದ್ದರೆ, ಅವರ ಹೆಜ್ಜೆಯಲ್ಲೇ ನಾಯಿಗೆ ಸುಳಿವು ಸಿಕ್ಕಿಬಿಡುತ್ತದಂತೆ.

ಒಡೆದ ಸಿಮೆಂಟಿನ ರಾಶಿಯೊಳಗೊಂದು ಪೈಪು. ಅದರಲ್ಲಿ ನಾನು, ರಬ್ಬರ್ ಚೆಂಡು, ಮತ್ತು ಒಂದು ಜೇಡ. ಪೈಪಿನ ಬಾಯಿಗೆ ಹಲಗೆ ಮುಚ್ಚಿದರು. ಬೊಗಳಿದ ಮೇಲಷ್ಟೇ ಚೆಂಡು ಕೊಡಬೇಕು, ಅಲ್ಲಿಯವರೆಗೆ ಉಸಿರೆತ್ತಬಾರದು. ನನ್ನ ಟೆನ್ಷನ್ ನಿನಗೆ ಗೊತ್ತಲ್ಲ: ಸೀನು ಬಂದರೆ? ಜೇಡ ಕತ್ತಿನ ಮೇಲೆ ಬಂದರೆ? ಗುಂಡ ಮೂಸಿ ಸುಮ್ಮನೆ ಹೋಗಿಬಿಟ್ಟರೆ?

ಮೂಸಿದ. ಸುಮ್ಮನಾದ. ಬೊಗಳೋ ಮಾರಾಯ, ನಿನ್ನ ದಮ್ಮಯ್ಯ ಅಂತ ಮನಸ್ಸಿನಲ್ಲೇ ಗೋಗರೆದೆ. ಹಲಗೆಯನ್ನು ಒಮ್ಮೆ ಕೆರೆದ. ಆಮೇಲೆ ಬೊಗಳಿದ ನೋಡು ಅಮ್ಮ, ಪೈಪೆಲ್ಲ ಗಡಗಡ!

ಹಲಗೆ ಎತ್ತಿದವರು ಅಪ್ಪ. “ನೀನಾ?” ಅಂದವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಸಾರ್, ಆಮೇಲೆ ಮಾತಾಡಿ! ಚೆಂಡು ಕೊಡಮ್ಮ ಮೊದ್ಲು!” ಎಂದು ಮೇಷ್ಟ್ರು ಕೂಗಿದರು.

ಕೊಟ್ಟೆ. ಗುಂಡ ಚೆಂಡು ಕಚ್ಚಿಕೊಂಡು ಇಡೀ ಮೈದಾನ ಸುತ್ತಿದ, ನನ್ನ ಕನ್ನಡಕ ನೆಕ್ಕಿದ, ಕೊನೆಗೆ ಮೇಷ್ಟ್ರ ಬುತ್ತಿಯನ್ನೇ ಖಾಲಿ ಮಾಡಿದ. “ತಿನ್ಲಿ ಬಿಡಿ, ನಾನು ಉಪವಾಸ ಇರ್ತೀನಿ,” ಎಂದು ಅವರು ಕಣ್ಣೊರೆಸಿಕೊಂಡು ನಕ್ಕರು. ಗುಂಡನ ಕೆಲಸ ಉಳಿಯಿತು.

ಅಪ್ಪ ಮಾತ್ರ ನನ್ನ ಕೈ ಬಿಡಲೇ ಇಲ್ಲ. ಜೀಪಿನವರೆಗೂ ಹಿಡಿದುಕೊಂಡೇ ಬಂದರು. “ಕೈ ಬೆಚ್ಚಗಿದೆ ಕಣೇ,” ಅಂದರು, ಅಷ್ಟೇ.

ನಿನಗೆ ನೈಟ್ ಡ್ಯೂಟಿ ಕಡಿಮೆಯಾಗಲಿ, ವಾರ್ಡಿನ ಪೇಷಂಟುಗಳೆಲ್ಲ ಬೇಗ ಎದ್ದು ಮನೆಗೆ ಹೋಗಲಿ. ಇದು ನನ್ನ ಆಶೀರ್ವಾದ!

ನಿನ್ನ
ಕಡ್ಡಿ

ಮರೆತ ಮಾತು: ಏಳನೇ ಕ್ಲಾಸಿನ ರಜೆಯಲ್ಲಿ ನಿನಗೆ ಡ್ಯೂಟಿ, ಅಪ್ಪ ಯಾವುದೋ ಬಿದ್ದ ಊರಿನಲ್ಲಿ. ಸ್ಕೂಲ್ ಹಾಸ್ಟೆಲಿನಲ್ಲಿ ಉಳಿದವಳು ನಾನೊಬ್ಬಳೇ. ಆಗ ದಿನಾ ಬೇಡಿಕೊಳ್ಳುತ್ತಿದ್ದೆ, ಈ ಕಟ್ಟಡ ಬಿದ್ದುಹೋಗಲಿ ಎಂದು. ಯಾರಿಗೂ ಏನೂ ಆಗುವುದು ಬೇಡ, ಸುಮ್ಮನೆ ಬಿದ್ದರೆ ಸಾಕು, ಅಪ್ಪ ಹುಡುಕಿಕೊಂಡು ಬರುತ್ತಾರೆ. ಹಲಗೆ ಎತ್ತಿದಾಗಿನ ಅವರ ಮುಖ ಕಂಡ ಮೇಲೆ ಇದನ್ನು ಅವರಿಗೆ ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ. ಇಪ್ಪತ್ತೆರಡನೇ ತಾರೀಕು ಭಾನುವಾರ ನನ್ನನ್ನು ನೋಡಲು ಬರುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ಉತ್ತರ ಬರಿ, ಅಮ್ಮ.