ಪರದೆ ಹಿಂದಿನ ಪ್ರಾರ್ಥನೆ

ಅಪ್ಪಾ,

ನಾನು ಆಸ್ಪತ್ರೆಗೆ ಹೊರಟೆ. ಇವತ್ತು ಅಮ್ಮನ ಆಪರೇಷನ್ ಅಂತ ಉಪವಾಸ ಕೂತು ಶುಗರ್ ಮಾತ್ರೆ ಬಿಟ್ಟೀರಿ, ಜೋಕೆ! ತಿಂಡಿ ತಿಂದೇ ಬನ್ನಿ. ಅಮ್ಮನ ಬೈಬಲ್ ತನ್ನಿ. ಅದರಲ್ಲಿ ಕೀರ್ತನೆಗಳ ಪುಟಕ್ಕೆ ಗುರುತಿಗೆ ಅಂತ ಸಿಕ್ಕಿಸಿರೋ ಹೇರ್‌ಪಿನ್ ಮಾತ್ರ ತೆಗೀಬೇಡಿ.

ನಿನ್ನೆ ಸಂಜೆ ವಾರ್ಡಿನಲ್ಲಿ ಅಮ್ಮ ತುಂಬಾ ಹೆದರಿದ್ದಳು. ನಗಿಸೋಣ ಅಂತ ಮಂಚದ ಪರದೆ ಹಿಂದೆ ನಿಂತು, ನಮ್ಮ ಪಾಸ್ಟರ್ ದನಿಯಲ್ಲಿ "ಸಹೋದರೀ, ಪ್ರಾರ್ಥಿಸೋಣ" ಅಂದೆ. ಪಾಪ, ನಿಜ ಅಂದುಕೊಂಡು ಕಣ್ಣು ಮುಚ್ಚೇಬಿಟ್ಟಳು! ಇನ್ನು ನಿಲ್ಲಿಸೋದು ಹೇಗೆ? ಮುಂದುವರಿಸಿದೆ. "ಕರ್ತನೇ, ಇವಳನ್ನು ನಿನ್ನ ಕೈಗೆ ಒಪ್ಪಿಸ್ತೀವಿ" ಅನ್ನುವಾಗ ಪಾಸ್ಟರ್ ದನಿ ಕೈಕೊಟ್ಟು, ನನ್ನದೇ ಅಳು ಬಂತು.

ಅಮ್ಮ ಕಣ್ಣು ಬಿಡದೇ, "ಸಾಕು ಕಳ್ಳ ಪಾಸ್ಟರೇ, ಆತನಿಗೆ ಕೇಳಿಸಿತು. ಆಮೆನ್ ಅನ್ನು" ಅಂದಳು.

ಆಮೇಲೆ ನಕ್ಕಳು ನೋಡಿ, ನರ್ಸ್ ಗಾಬರಿಯಾಗಿ ಓಡಿ ಬಂದರು!