ಲೋಟಕ್ಕೆ ಬಿದ್ದ ಚೆಂಡಿನ ಸದ್ದು

ಜೂನ್ ೧೪, ೨೦೨೦
ಭಾನುವಾರ, ಮಧ್ಯಾಹ್ನ

ಮುದ್ದು ಮಗಳೇ,

ಎರಡು ಕಾಗದ ಬರೆದೆ ನೀನು, ಒಂದಕ್ಕೂ ಉತ್ತರ ಕೊಡಲಿಲ್ಲ ನಾನು. ಬೈದುಕೋ. ಅಂಚೆಯವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಪಾಪ, ಮೂಗು ಬಾಯಿ ಕಟ್ಟಿಕೊಂಡು ದಿನವೂ ಬರುತ್ತಿದ್ದಾನೆ. ಇಡೀ ದಿನ ಆ ಪ್ಲಾಸ್ಟಿಕ್ ಅಂಗಿಯೊಳಗೆ ಬೆಂದು, ರೋಗಿಗಳ ಕೈಕಾಲು ಆಡಿಸಿ, ಸುಸ್ತಾಗಿ ಬಂದು ಅಷ್ಟುದ್ದ ಬರೆಯುತ್ತೀಯ. ಇಲ್ಲಿ ಕೆಲಸವಿಲ್ಲದೆ ಕೂತ ನಾನು ಪೆನ್ನು ಮುಟ್ಟಲಿಲ್ಲ. ಫೋನು ಬಂದರೆ ನಿನ್ನ ಅಮ್ಮನೇ ಎಲ್ಲ ಹೇಳಿ ಮುಗಿಸುತ್ತಾಳೆ, ನನ್ನ ಸರದಿ ಬರುವಷ್ಟರಲ್ಲಿ ನಿನಗೆ ನಿದ್ದೆ.

ಆರೋಗ್ಯವಾಗಿದ್ದೇವೆ. ಅಮ್ಮನ ಮಂಡಿ ನೋವು ನೀನು ಹೇಳಿಕೊಟ್ಟ ವ್ಯಾಯಾಮದಿಂದ ಕಡಿಮೆಯಾಗಿದೆ, ಆದರೆ ನಿನ್ನಿಂದ ಅಂತ ಒಪ್ಪಿಕೊಳ್ಳುವುದಿಲ್ಲ, ಮುಲಾಮಿನಿಂದ ಅನ್ನುತ್ತಾಳೆ.

ನೀನು ಎರಡೂ ಕಾಗದದಲ್ಲಿ ಕೇಳಿದ್ದು ಒಂದೇ ಮಾತು. "ಗಡಿಯಾರದ ಮಾಮ ಹೇಗಿದ್ದಾರೆ? ಅವರ ಸುದ್ದಿ ಎತ್ತಿದರೆ ಅಮ್ಮ ಮಾತು ಹಾರಿಸುತ್ತಾಳೆ, ಯಾಕೆ?" ಅದಕ್ಕೆ ಉತ್ತರ ಬರೆಯಲಾರದೆಯೇ ತಡವಾಯಿತು. ಈಗ ಹೇಳುತ್ತೇನೆ.

ಮಾರ್ಚ್ ಕೊನೆಯಲ್ಲಿ ಗಾಲ್ಫ್ ಮೈದಾನದ ಗೇಟಿಗೆ ಸರಪಳಿ ಬಿತ್ತು. ಮೊದಲ ವಾರ ನಾನು ಗಟ್ಟಿಯಾಗೇ ಇದ್ದೆ. ಎರಡನೇ ವಾರ ಕೈ ತುರಿಸತೊಡಗಿತು. ಮೂವತ್ತು ವರ್ಷ ವಾರಕ್ಕೆರಡು ಬೆಳಿಗ್ಗೆ ಆಡಿದ ಮೈ ಅದು, ಮಂಗಳವಾರ ಮತ್ತು ಶುಕ್ರವಾರ ಐದೂವರೆಗೆ ತಾನಾಗಿ ಎದ್ದು ಕೂರುತ್ತಿತ್ತು. ಎದ್ದು ಏನು ಮಾಡುವುದು? ಹಾಲ್‌ನಲ್ಲಿ ಛತ್ರಿ ಹಿಡಿದು ಬೀಸಿದೆ, ಟ್ಯೂಬ್‌ಲೈಟ್ ಪುಡಿಯಾಯಿತು. ಅಮ್ಮ ನನ್ನನ್ನು ಹೊರಗಿನ ಪಡಸಾಲೆಗೆ ಗಡೀಪಾರು ಮಾಡಿದಳು. ಅಲ್ಲಿಂದ ಬಗ್ಗಿ ನೋಡಿದರೆ ಮೈದಾನದ ಒಂದು ಮೂಲೆ ಕಾಣುತ್ತದೆ. ದಿನ ದಿನಕ್ಕೂ ಹುಲ್ಲು ಎತ್ತರವಾಗುತ್ತಿತ್ತು. ಯಾರದೋ ಮನೆ ಪಾಳು ಬೀಳುವುದನ್ನು ನೋಡಿದ ಹಾಗಾಗುತ್ತಿತ್ತು. ನಗಬೇಡ.

ಆಗ ನಿನ್ನ ಮಾಮ, ನಮ್ಮ ಗಡಿಯಾರವೇ ಉಪಾಯ ಹುಡುಕಿದ. ನಾನು, ಅವನು, ಕೆಮಿಸ್ಟ್ರಿ ಮೇಷ್ಟ್ರು, ಮೂವರೂ ಅವರವರ ಮನೆಯಲ್ಲೇ ಆಡುವುದು. ಲೋಟವನ್ನು ಅಡ್ಡ ಮಲಗಿಸಿ, ಎಂಟು ಅಡಿ ದೂರದಿಂದ ಚೆಂಡನ್ನು ಮೆಲ್ಲಗೆ ತಳ್ಳಬೇಕು. ಒಂದೇ ಏಟಿಗೆ ಒಳಗೆ ಹೋದರೆ ಒಂದು, ಎರಡಕ್ಕೆ ಹೋದರೆ ಎರಡು. ಹೀಗೆ ಹದಿನೆಂಟು ಸಲ. ಒಟ್ಟು ಯಾರದು ಕಡಿಮೆಯೋ ಅವನು ಗೆದ್ದ. ಅದೇ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆಟ, ಎಂಟಕ್ಕೆ ಮೂವರೂ ಒಂದೇ ಕರೆಯಲ್ಲಿ ಸೇರಿ ಸ್ಕೋರು ಒಪ್ಪಿಸುವುದು. ನೋಡುವವರು ಯಾರೂ ಇಲ್ಲ. ಗಾಲ್ಫೇ ಹಾಗೆ ಮಗಳೇ, ಅಂಪೈರ್ ಇಲ್ಲದ ಆಟ. ನಿನ್ನ ಏಟನ್ನು ನೀನೇ ಎಣಿಸಬೇಕು, ನೀನು ಹೇಳಿದ್ದನ್ನು ಉಳಿದವರು ನಂಬಬೇಕು.

ಮೊದಲ ಮೂರು ವಾರ ಎಷ್ಟು ಖುಷಿಯಾಗಿತ್ತು ಗೊತ್ತಾ! ನನ್ನದು ಮೂವತ್ನಾಲ್ಕರ ಆಸುಪಾಸು. ಗಡಿಯಾರದ್ದು ಮೂವತ್ತೇಳು, ಮೂವತ್ತೆಂಟು. "ನಮ್ಮ ಮನೆ ಕಟ್ಟಿದ ಮೇಸ್ತ್ರಿಗೆ ಕಣ್ಣು ವಾರೆ ಕಣಯ್ಯಾ, ನೆಲವೆಲ್ಲ ಅಡುಗೆಮನೆ ಕಡೆ ಇಳಿಜಾರು. ಚೆಂಡು ಸೀದಾ ನನ್ನವಳ ಕಾಲ ಕೆಳಗೆ ಹೋಗುತ್ತೆ" ಅಂತ ನಗಿಸುತ್ತಿದ್ದ.

ಏಪ್ರಿಲ್ ಕೊನೆಯ ಮಂಗಳವಾರ ಅವನ ಫೋನು ಬರಲಿಲ್ಲ. ಶುಕ್ರವಾರವೂ ಇಲ್ಲ. ಮುಂದಿನ ಮಂಗಳವಾರ ಅವನ ಬದಲು ಅವನ ಹೆಂಡತಿ, ನಿನ್ನ ಅತ್ತೆ ಮಾತಾಡಿದರು. "ಅವರಿಗೆ ಹಲ್ಲುನೋವು, ಬಾಯಿ ತೆರೆಯೋಕಾಗಲ್ಲ. ಸ್ಕೋರು ನಾನು ಹೇಳ್ತೀನಿ, ಬರ್ಕೊಳ್ಳಿ. ಇಪ್ಪತ್ತೆಂಟು."

ಇಪ್ಪತ್ತೆಂಟು! ಆಮೇಲೆ ಇಪ್ಪತ್ತೇಳು. ಆಮೇಲೆ ಇಪ್ಪತ್ತಾರು.

ನಿನ್ನ ಅಪ್ಪನ ಉದ್ಯೋಗ ನಿನಗೆ ಗೊತ್ತು. ಮೂವತ್ನಾಲ್ಕು ವರ್ಷ ವಿಮಾ ಕಂಪನಿಗೆ ಸರ್ವೇಯರ್ ಆಗಿ, ಸುಟ್ಟ ಅಂಗಡಿಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಅಂತ ಪತ್ತೆ ಹಚ್ಚಿದವನು. ನಿವೃತ್ತಿಯಾದರೂ ಮೂಗು ನಿವೃತ್ತಿಯಾಗಲಿಲ್ಲ. ವಾರೆ ನೆಲದ ಮೇಲೆ ಇಪ್ಪತ್ತಾರು ಹೇಗೆ ಬರುತ್ತದೆ? ಹಲ್ಲುನೋವು ಮೂರು ವಾರ ಇರುತ್ತದೆಯೇ? ಸೋತಾಗ ಬಾಯ್ತುಂಬ ಮಾತಾಡುತ್ತಿದ್ದವನು ಗೆಲ್ಲತೊಡಗಿದ ಮೇಲೆ ಹೆಂಡತಿಯ ಹಿಂದೆ ಯಾಕೆ ಅಡಗುತ್ತಾನೆ? ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟುಕೊಳ್ಳತೊಡಗಿದೆ. ತಾರೀಕು, ಸ್ಕೋರು, ಯಾರು ಮಾತಾಡಿದರು, ಹೇಳುವ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದರು.

ಮೇಷ್ಟ್ರಿಗೆ ಹೇಳಿದೆ. "ಹೋಗಲಿ ಬಿಡೋ, ಮನೇಲಿ ಲೋಟ ಇಟ್ಕೊಂಡು ಆಡೋ ಆಟಕ್ಕೆ ತನಿಖೆ ಬೇರೆ!" ಅಂದರು. ಅವರ ಮೇಲೂ ಅನುಮಾನ ಬಂತು. ಇಬ್ಬರೂ ಸೇರಿ ನನ್ನನ್ನು ಆಟ ಆಡಿಸುತ್ತಿದ್ದಾರೋ ಏನೋ ಅಂತ.

ಹೊಸ ನಿಯಮ ತಂದೆ. ಇನ್ನು ಮೇಲೆ ಆಡುವಾಗ ಮೂವರೂ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಡಬೇಕು, ಆಗ ಜೊತೆಯಲ್ಲೇ ಆಡಿದ ಹಾಗಾಗುತ್ತದೆ ಅಂದೆ. ನನ್ನ ಉದ್ದೇಶ ಬೇರೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆ "ನಮ್ಮ ಸ್ಪೀಕರು ಕೆಟ್ಟಿದೆ" ಅಂದರು. ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡುವವನ ಮನೆಯಲ್ಲಿ ಸ್ಪೀಕರು ಕೆಟ್ಟಿದೆಯಂತೆ! ನಾನು ಬಿಡಲಿಲ್ಲ. ಕೊನೆಗೆ ಒಪ್ಪಿಕೊಂಡರು.

ಆ ಶುಕ್ರವಾರ ನಾನು ಆಡಲೇ ಇಲ್ಲ. ಫೋನಿಗೆ ಕಿವಿ ಹಚ್ಚಿ ನೆಲದ ಮೇಲೆ ಬೋರಲು ಮಲಗಿದ್ದೆ. ಮೇಷ್ಟ್ರ ಮನೆಯಿಂದ ಮೊದಲು ಕೋಲು ಚೆಂಡಿಗೆ ತಗಲುವ 'ಟಪ್', ಒಂದು ಕ್ಷಣ ಬಿಟ್ಟು ಲೋಟದ 'ಠಣ್'. ಗಡಿಯಾರದ ಮನೆಯಿಂದ 'ಟಪ್' ಇಲ್ಲ. ಬರೀ 'ಠಣ್', ಅದರ ಹಿಂದೆಯೇ ಪುಟಿದು ಬಿದ್ದ ಹಾಗೆ ಇನ್ನೊಂದು ಸಣ್ಣ 'ಠಿಣ್'. ನಾನು ಎದ್ದು ನಮ್ಮ ಲೋಟವನ್ನು ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಕೈಯಾರೆ ಚೆಂಡು ಹಾಕಿ ನೋಡಿದೆ. ಅದೇ ಸದ್ದು!

ಅವತ್ತು ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನ್ರೀ ಇದು, ನೆಲದ ಮೇಲೆ? ಅವರು ಗೆದ್ದರೆ ನಿಮ್ಮ ಗಂಟೇನು ಹೋಗುತ್ತೆ?" ಅಂದಳು. "ನಿನಗೆ ಅರ್ಥವಾಗಲ್ಲ, ಇದು ಮರ್ಯಾದೆ ಪ್ರಶ್ನೆ" ಅಂದೆ.

ಎಂಟಕ್ಕೆ ಅತ್ತೆ "ಇಪ್ಪತ್ತೇಳು" ಅಂದರು. ನಾನು ಸರ್ವೇಯರ್ ದನಿಯಲ್ಲಿ ಶುರು ಮಾಡಿದೆ. "ಅತ್ತಿಗೆ, ಫೋನು ಅವನಿಗೆ ಕೊಡಿ. ಸ್ಪೀಕರು ಹಾಗೇ ಇರಲಿ, ಮೇಷ್ಟ್ರೂ ಕೇಳಲಿ. ಏನಯ್ಯಾ, ಚೆಂಡನ್ನ ಕೈಯಲ್ಲಿ ಎತ್ತಿ ಲೋಟಕ್ಕೆ ಹಾಕಿ ಸ್ಕೋರು ಹೇಳಿಸ್ತಿದ್ದೀಯಲ್ಲ, ನಾಚಿಕೆಯಾಗಲ್ವಾ? ಎಷ್ಟು ದಿನದಿಂದ ನಡೀತಿದೆ ಈ ಮೋಸ?"

ಮೇಷ್ಟ್ರು "ಲೋ, ಸಾಕು ನಿಲ್ಸು" ಅಂದರು. ಅತ್ತೆ ಏನೋ ಹೇಳಲು ಹೋದರು. ಅವರನ್ನು ತಡೆದು ಒಳಗಿನಿಂದ ಅವನ ದನಿ ಬಂತು. ಹಲ್ಲುಗಳ ಮಧ್ಯೆ ಬಟ್ಟೆ ತುರುಕಿದ ಹಾಗೆ ತೊದಲು ದನಿ. "ಹೌದು. ನಾನೇ. ಹಾಕ್ತಿದ್ದೆ." ಫೋನು ಕಟ್ಟಾಯಿತು.

ಕುಡಿದಿದ್ದಾನೆ ಅಂದುಕೊಂಡೆ ನಾನು. ಬೆಳಿಗ್ಗೆ ಎಂಟು ಗಂಟೆಗೆ! ನನ್ನ ಅನುಮಾನಕ್ಕೆ ಅಷ್ಟೇ ತೋಚಿದ್ದು.

ಆಮೇಲೆ ಅವರು ಫೋನು ಎತ್ತಲಿಲ್ಲ. ಮೂರು ದಿನ ಕಳೆದವು. ಗೆದ್ದವನಿಗೆ ಊಟ ಸೇರಬೇಕಲ್ಲ, ನನಗೆ ಸೇರಲಿಲ್ಲ. ಸೋಮವಾರ ಔಷಧಿ ಅಂಗಡಿಗೆ ಅಂತ ಹೇಳಿ ಹೊರಟೆ. ಬೀದಿಯಲ್ಲಿ ಪೊಲೀಸಿನವನು ತಡೆದಾಗ ಅಮ್ಮನ ಮಾತ್ರೆ ಚೀಟಿ ತೋರಿಸಿದೆ. ಸೀದಾ ಗಡಿಯಾರದ ಮನೆಗೆ ಹೋದೆ. ಅಂಗಡಿಯ ಷಟರ್ ಮೇಲೆ ಧೂಳು ಕೂತಿತ್ತು. ಪಕ್ಕದ ಓಣಿಯಲ್ಲಿ ಅವರ ಮನೆ ಬಾಗಿಲು. ಅತ್ತೆ ಮೆಟ್ಟಿಲ ಮೇಲೇ ನಿಂತು, ಒಳಗೆ ಬನ್ನಿ ಅನ್ನಲಿಲ್ಲ. ಸೋಂಕಿನ ಭಯಕ್ಕೋ ನನ್ನ ಮೇಲಿನ ಸಿಟ್ಟಿಗೋ ತಿಳಿಯಲಿಲ್ಲ.

"ನೋಡೋಕೆ ಬಂದ್ರಾ? ಇನ್ನೂ ಏನಾದ್ರೂ ಸಾಕ್ಷಿ ಬೇಕಿತ್ತಾ?" ಅಂದರು.

ಆಮೇಲೆ ಅವರೇ ಹೇಳಿದರು. ಏಪ್ರಿಲ್ ಕೊನೆಯಲ್ಲಿ ಅವನು ಬಚ್ಚಲಲ್ಲಿ ಬಿದ್ದಿದ್ದಾನೆ. ಲಕ್ವ. ಬಲಗೈ, ಬಲಗಾಲು, ಅರ್ಧ ಬಾಯಿ. ಆಸ್ಪತ್ರೆ ತುಂಬ ಜ್ವರದವರು. ಐದು ದಿನ ಇಟ್ಟುಕೊಂಡು, ಇಲ್ಲೇ ಇದ್ದರೆ ಅದೂ ಅಂಟುತ್ತದೆ ಅಂತ ಮನೆಗೆ ಕಳಿಸಿದರಂತೆ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿಯುತ್ತಿದ್ದ ಕೈ, ಮಗಳೇ.

"ನಮಗೊಂದು ಮಾತು ಹೇಳಬಾರದಿತ್ತಾ ಅತ್ತಿಗೆ?"

"ಹೇಳಬೇಡ ಅಂದ್ರು. ಗೊತ್ತಾದ್ರೆ ಪಾಪ ಅಂತಾರೆ, ಆಟಕ್ಕೆ ಕರೆಯೋದು ನಿಲ್ಲಿಸ್ತಾರೆ ಅಂದ್ರು. ಮಂಗಳವಾರ ಬಂತು ಅಂದ್ರೆ ಆರು ಗಂಟೆಗೇ ಗಡ್ಡ ಮಾಡಿಸ್ಕೊಂಡು ದಿಂಬಿಗೆ ಒರಗಿ ಕೂತಿರ್ತಿದ್ರು. ಕಣ್ಣು ಮುಚ್ಕೊಂಡು ಮನಸ್ಸಲ್ಲೇ ಆಡ್ತಿದ್ರು. ಇದು ಹೋಯ್ತು, ಇದು ಎಡಕ್ಕೆ ತಪ್ಪಿತು, ಅಂತ ಒಂದೊಂದೂ ಹೇಳೋರು. ಸ್ಪೀಕರು ಹಾಕಿದ ದಿನ ಮಾತ್ರ ನಿಮಗೆ ಕೇಳಿಸಬಾರದು ಅಂತ ಎಡಗೈ ಬೆರಳಲ್ಲಿ ತೋರಿಸಿದ್ರು. ಲೋಟಕ್ಕೆ ಬಿದ್ದ ಸದ್ದಾದರೂ ಕೇಳಲಿ ಅಂತ ನಾನು ಕಾಲ ಹತ್ತಿರ ಕೂತು ಚೆಂಡು ಹಾಕ್ತಿದ್ದೆ."

"ಹಾಗಾದ್ರೆ ಆ ಇಪ್ಪತ್ತಾರು?"

ಅವರು ಮೊದಲ ಸಲ ಕಣ್ಣು ಒರೆಸಿಕೊಂಡರು. "ಅವರ ಲೆಕ್ಕದಲ್ಲಿ ಯಾವಾಗಲೂ ನಲವತ್ತರ ಮೇಲೇ. ಮಲಗಿದಲ್ಲೂ ಸೋಲ್ತಿದ್ರು. ಹಜಾರಕ್ಕೆ ಬಂದು ಫೋನಲ್ಲಿ ಕಡಿಮೆ ಮಾಡಿ ಹೇಳಿದವಳು ನಾನು. ಎಷ್ಟು ಕಡಿಮೆ ಮಾಡಬೇಕು ಅಂತ ನನಗೇನು ಗೊತ್ತು? ಒಂದ್ಸಲ ಗೆದ್ದರು ಅಂತ ಮೇಷ್ಟ್ರು ಹೊಗಳಿದ್ದನ್ನ ಹೋಗಿ ಹೇಳಿದೆ, ಆವತ್ತು ಅವರು ನಕ್ಕರು. ಅರ್ಧ ಬಾಯಲ್ಲಿ. ಆಮೇಲೆ ಬಿಡೋಕೆ ಮನಸ್ಸಾಗಲಿಲ್ಲ."

ಮೋಸ ಮಾಡಿದವರು ಅತ್ತೆ. "ಹೌದು, ನಾನೇ" ಅಂತ ಮೈಮೇಲೆ ಹಾಕಿಕೊಂಡವನು ಅವನು.

ಓಣಿಯ ಕಿಟಕಿಯಿಂದ ಅವನನ್ನು ನೋಡಿದೆ. ಗಡ್ಡ ಬೆಳೆದಿತ್ತು. ಬಲಗೈ ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ ಹೊದಿಕೆಯ ಮೇಲೆ ಬಿದ್ದಿತ್ತು. "ತಪ್ಪಾಯ್ತು ಕಣೋ" ಅಂದೆ. ಅವನು ನನ್ನನ್ನು ನೋಡಿದ. ಏನೂ ಹೇಳಲಿಲ್ಲ. ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡ.

ಕಳೆದ ಸೋಮವಾರ ಮೈದಾನದ ಗೇಟು ತೆಗೆದರು. ಹುಲ್ಲು ಕತ್ತರಿಸಿದ ವಾಸನೆ ನಮ್ಮ ಪಡಸಾಲೆಯವರೆಗೂ ಬಂತು. ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಬಂದು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅವರು ನನ್ನ ಜೊತೆ ಹವಾಮಾನ ಬಿಟ್ಟು ಬೇರೇನೂ ಮಾತಾಡಲಿಲ್ಲ. ಮೊದಲ ಚೆಂಡು ಇಟ್ಟೆ, ಕೋಲು ಎತ್ತಿದೆ. ಎತ್ತಿದ್ದು ಕೆಳಗೆ ಬರಲಿಲ್ಲ. "ನೀವು ಆಡಿ" ಅಂತ ಹೇಳಿ ಮನೆಗೆ ಬಂದುಬಿಟ್ಟೆ. ಎರಡೂವರೆ ತಿಂಗಳು ಯಾವುದಕ್ಕೆ ಹಂಬಲಿಸಿದ್ದೆನೋ ಅದು ಐದು ನಿಮಿಷದಲ್ಲಿ ಸಾಕಾಯಿತು.

ಈಗ ನಿನ್ನಿಂದ ಒಂದು ಉಪಕಾರ ಬೇಕು. ಇಂಥ ಕೈಯನ್ನು ದಿನವೂ ನೋಡುವವಳು ನೀನು. ಮನೆಯಲ್ಲೇ ಏನು ಮಾಡಿಸಬೇಕು, ದಿನಕ್ಕೆ ಎಷ್ಟು ಸಲ, ಬೆರಳುಗಳನ್ನು ಹೇಗೆ ಬಿಡಿಸಬೇಕು, ಎಲ್ಲವನ್ನೂ ಚಿತ್ರ ಹಾಕಿ ಬರೆದು ಕಳಿಸು. ನನ್ನ ಹೆಸರು ಹೇಳಬೇಡ. ಅತ್ತೆಯ ವಿಳಾಸಕ್ಕೇ ಕಳಿಸು. ನೀನಾಗಿ ವಿಚಾರಿಸಿಕೊಂಡ ಹಾಗೆ ಬರೆ.

ನಿನ್ನ ಕೈಗಳು ಗಟ್ಟಿಯಾಗಿರಲಿ ತಾಯಿ. ಅವು ಮುಟ್ಟಿದವರೆಲ್ಲ ಎದ್ದು ನಡೆಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಇದು ಅಮ್ಮ ಬರೆಯಲೇಬೇಕು ಅಂತ ಹೇಳಿದ ಮಾತು.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕಿಟಕಿಯ ಹತ್ತಿರ ಅವನು ಏನೂ ಹೇಳಲಿಲ್ಲ ಅಂತ ಮೇಲೆ ಬರೆದೆ. ಹೇಳಿದ. ಮುಖ ತಿರುಗಿಸುವ ಮುಂಚೆ, ಒಂದೊಂದೇ ಅಕ್ಷರ ಎತ್ತಿ ಇಡುವ ಹಾಗೆ, "ನಾನು... ನಿನ್ನ... ಕೇಳಿದ್ನಾ?" ಅಂದ. ಅತ್ತೆಗೆ ಅರ್ಥವಾಗಲಿಲ್ಲ. ನನಗಾಯಿತು. ಹತ್ತೊಂಬತ್ತು ವರ್ಷದ ಹಿಂದೆ ಕ್ಲಬ್ಬಿನ ಫೈನಲ್‌ನಲ್ಲಿ, ನನ್ನ ಚೆಂಡು ಮರದ ಬೇರಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಯಾರೂ ನೋಡುತ್ತಿಲ್ಲ ಅಂತ ಬೂಟಿನ ತುದಿಯಿಂದ ಅದನ್ನು ಈಚೆಗೆ ತಳ್ಳಿದೆ. ತಲೆ ಎತ್ತಿದರೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಅವನು. ನನ್ನನ್ನೇ ನೋಡುತ್ತಿದ್ದವನು ತಟ್ಟನೆ ಬಗ್ಗಿ ಬೂಟಿನ ದಾರ ಬಿಗಿಯತೊಡಗಿದ. ಆ ಸಂಜೆ ನನಗೆ ಕಪ್ಪು ಕೊಟ್ಟಾಗ ಮೊದಲು ಚಪ್ಪಾಳೆ ತಟ್ಟಿದವನು ಅವನೇ. ಅವನು ನೋಡಿರಲಾರ ಅಂತ ಇಷ್ಟು ವರ್ಷ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.